ಅರಿಶಿನ ಕುಡಿದ ರೇಡಿಯೇಟರು

ಓದಿದ್ದು ಉಪಯೋಗಕ್ಕೆ ಬರುವುದು ಯಾವಾಗ ಎಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ನಾನೂ ಪ್ರತಿವರ್ಷ ಒಂದೇ ಉತ್ತರ ಕೊಡುತ್ತೇನೆ: "ಒಂದಲ್ಲ ಒಂದು ದಿನ ಬಂದೇ ಬರುತ್ತೆ, ಈಗ ಸುಮ್ನೆ ಬರ್ಕೊಳ್ಳಿ." ಹೊಳೆನರಸೀಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನಗೆ ಆ ಒಂದು ದಿನ ಕಳೆದ ಬೇಸಿಗೆಯಲ್ಲಿ ಬಂತು. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ, ಒತ್ತಡ ತಟ್ಟನೆ ಇಳಿದರೆ ಒಮ್ಮೆಲೇ ಕುದಿದು ಹಾರುತ್ತದೆ ಎಂದು ಹದಿನೇಳು ವರ್ಷ ಕಪ್ಪು ಹಲಗೆಯ ಮೇಲೆ ಬರೆದವಳು, ಆ ನೀರು ನನ್ನ ಗಂಡನ ಮುಖದ ಕಡೆಗೆ ಹಾರುವಾಗ ಎರಡು ಮಾರು ದೂರದಲ್ಲಿ ನಿಂತಿದ್ದೆ. ಈಗಲೂ ಕುಕ್ಕರು ಕೂಗಿದರೆ ನಾನು ಅಡುಗೆಮನೆಯಿಂದ ಹಿತ್ತಿಲಿಗೆ ಓಡುತ್ತೇನೆ. ನನಗೆ ಹಿತ್ತಿಲಿನ ಕರಿಬೇವಿನ ಗಿಡದ ಮೇಲೆ ವಿಪರೀತ ಪ್ರೀತಿ ಎಂದು ಪಕ್ಕದ ಮನೆಯವರು ತಿಳಿದುಕೊಂಡಿದ್ದಾರೆ.

ನಮ್ಮ ಯಜಮಾನರು ಪರಮೇಶಪ್ಪನವರದು ಪಂಪ್‌ಸೆಟ್ಟಿನ ಅಂಗಡಿ. ಸುತ್ತಮುತ್ತಲಿನ ನಲವತ್ತು ಹಳ್ಳಿಗಳ ಬೋರ್‌ವೆಲ್ಲುಗಳ ಆರೋಗ್ಯ ಇವರ ಕೈಯಲ್ಲಿದೆ. ಇಂಥವರು ಐವತ್ತು ತುಂಬಿದ ಮೇಲೆ ತಮಗೊಂದು ಹಳೆಯ ಫೋರ್‌ವೀಲ್ ಜೀಪು ಬೇಕೇಬೇಕು ಎಂದು ಹಠ ಹಿಡಿದರು. ರಸ್ತೆ ಇಲ್ಲದ ಕಡೆ ಓಡುವ ಗಾಡಿಯಂತೆ. ನಮ್ಮ ಬೀದಿಯಲ್ಲಿ ಒಳಚರಂಡಿಗೆ ಅಗೆದು ಎರಡು ವರ್ಷವಾಗಿದ್ದರಿಂದ, ರಸ್ತೆ ಇಲ್ಲದ ಕಡೆ ಓಡಿಸಲು ದೂರ ಹೋಗಬೇಕಾಗಿಯೂ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಇವರ ಸ್ನೇಹಿತರೊಬ್ಬರು ತಮ್ಮ ಜೀಪು ಕೊಡಲು ಒಪ್ಪಿದರು. ಅಹಿಂಸೆಯನ್ನು ಬಹಳ ಶ್ರದ್ಧೆಯಿಂದ ಪಾಲಿಸುವ ಜೈನರು ಅವರು. "ಇಂಜಿನ್ನು ಬೆಣ್ಣೆ ಕಣ್ರೀ ಪರಮೇಶಪ್ಪ, ಬಿಸೀನೇ ಆಗಲ್ಲ" ಎಂದರು. ನಿಜ, ಬಿಸಿಯಾಗುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಶಾಖ ತೋರಿಸುವ ಮುಳ್ಳು ಯಾವ ಕಾಲದಲ್ಲೋ ತಣ್ಣಗೆ ಎಂಬ ಗುರುತಿನ ಮೇಲೆ ಪ್ರಾಣ ಬಿಟ್ಟಿತ್ತು.

ಕೊಂಡ ಖುಷಿಗೆ ಇವರು ಜೀಪನ್ನು ನೇರವಾಗಿ ಮನೆಗೆ ತರದೆ, ನನ್ನನ್ನೂ ಕೂರಿಸಿಕೊಂಡು ಹಿರೀಸಾವೆಯ ಕಡೆ ಒಂದು ಸುತ್ತು ಹೊಡೆಸಿದರು. ಅಲ್ಲಿನ ಹೋಟೆಲಿನಲ್ಲಿ ಇಡ್ಲಿ ತಿಂದು ಹೊರಗೆ ಬಂದರೆ ಜೀಪು ತನ್ನ ಕೆಳಗೆ ತಾನೇ ಒಂದು ಪುಟ್ಟ ಕೆರೆ ಕಟ್ಟಿಕೊಂಡು ನಿಂತಿತ್ತು. ಇಂಜಿನ್ನನ್ನು ತಣ್ಣಗಿಡುವ ನೀರು ರೇಡಿಯೇಟರಿನ ಒಂದು ಸಣ್ಣ ತೂತಿನಿಂದ ಇಳಿಯುತ್ತಿತ್ತು. ಹೋಟೆಲಿನ ಅಡುಗೆಯವನು ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದ. "ಇದ್ಕೆ ಯಾಕ್ ಸಾ ಇಷ್ಟು ಯೋಚ್ನೆ? ನಾಕ್ ಚಮಚ ಅರಿಶಿನ ಆಕಿ. ಕಚ್ಕೊಂಡ್ ಕುಂತ್ಕತದೆ. ನಮ್ಮಾವ ಲಾರಿ ಓಡುಸ್ತಿದ್ದಾಗ ಅಂಗೇ ಮಾಡ್ತಿದ್ದ" ಎಂದ. ಅವನೇ ಡಬ್ಬಿ ತಂದು ಹಾಕಿದ. ಹತ್ತು ನಿಮಿಷಕ್ಕೆ ಸೋರುವುದು ನಿಂತಿತು.

ಇಲ್ಲಿ ನಾನು ತಡೆಯಬೇಕಿತ್ತು ಎಂದು ನೀವು ಅಂದುಕೊಳ್ಳುತ್ತೀರಿ. ನಾನು ಚಪ್ಪಾಳೆ ತಟ್ಟಿದೆ. ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಅರಿಶಿನದ ಕಣಗಳು ನೀರಿನ ಜೊತೆ ಹರಿದು ತೂತಿನ ಬಾಯಲ್ಲಿ ಹೇಗೆ ಕೂಡಿಕೊಳ್ಳುತ್ತವೆ ಎಂದು ಚಿತ್ರ ಬಿಡಿಸಿ ವಿವರಿಸಿದೆ. ಕನ್ನಡ ಪಾಠ ಮಾಡುವವರು ಸಹ ತಲೆದೂಗಿದರು. ತೂತಿನಲ್ಲಿ ಕೂರುವ ಕಣ ರೇಡಿಯೇಟರಿನ ಒಳಗಿರುವ ಸಪೂರ ಕೊಳವೆಗಳಲ್ಲೂ ಕೂರುತ್ತದೆ ಎಂಬ ಉಳಿದರ್ಧ ಪಾಠ ನನಗೆ ಅಂದು ಹೊಳೆಯಲಿಲ್ಲ. ಅಲ್ಲಿಂದ ಮುಂದೆ ಇದೊಂದು ವ್ರತವೇ ಆಯಿತು. ದೂರ ಹೊರಡುವ ಮೊದಲು ಯಜಮಾನರು ಸ್ನಾನ ಮಾಡಿ ಬಂದು ಬಾನೆಟ್ಟಿನ ಮೇಲೆ ಕುಂಕುಮ ಇಡುವರು, ಬಾನೆಟ್ಟಿನ ಒಳಗೆ ಅರಿಶಿನ ಸುರಿಯುವರು. ನಮ್ಮ ಮನೆಯ ಜೀಪು ಹೀಗೆ ಮುತ್ತೈದೆಯಾಯಿತು. ಆ ತಿಂಗಳುಗಳಲ್ಲಿ ನಮ್ಮ ಮನೆಯ ಸಾರು ಬಿಳಿಚಿಕೊಂಡಿರುತ್ತಿತ್ತು.

ಏಪ್ರಿಲ್ಲಿನ ಒಂದು ಭಾನುವಾರ ಶೆಟ್ಟಿಹಳ್ಳಿಗೆ ಹೋದೆವು. ಬೇಸಿಗೆಯಲ್ಲಿ ಅಣೆಕಟ್ಟಿನ ಹಿನ್ನೀರು ಇಳಿದಾಗ, ಮಳೆಗಾಲದಲ್ಲಿ ಅರ್ಧ ಮುಳುಗುವ ಅಲ್ಲಿನ ಹಳೆಯ ಚರ್ಚಿನ ಸುತ್ತ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ, ನೋಡಲು ಗಟ್ಟಿಯಾಗಿರುತ್ತದೆ. ನೀರಿನ ಅಂಚಿಗೆ ಹೋಗುತ್ತಾ ಹೋಗುತ್ತಾ ಅದು ಹಸಿ ಕೆಸರು. ಎಲ್ಲರೂ ಕಾರುಗಳನ್ನು ಮೇಲೆ ನಿಲ್ಲಿಸಿ ನಡೆದು ಹೋಗುತ್ತಿದ್ದರು. "ಅವು ಕಾರು, ಪಾಪ" ಎಂದು ಕನಿಕರಿಸಿ ಇವರು ಜೀಪನ್ನು ಕೆಳಗೆ ಇಳಿಸಿದರು. ಚಕ್ರ ಹೂತಿತು. ಇವರು ಆಕ್ಸಿಲರೇಟರ್ ತುಳಿದರು, ಇನ್ನಷ್ಟು ಹೂತಿತು. ಹಿಂದೆ, ಮುಂದೆ, ಹಿಂದೆ, ಮುಂದೆ, ಕಾಲು ಗಂಟೆ ಜೀಪು ಅರಚಿತು. ಸತ್ತ ಮುಳ್ಳು ಮಾತ್ರ ಎಲ್ಲವೂ ತಣ್ಣಗಿದೆ ಎಂದು ಹೇಳುತ್ತಲೇ ಇತ್ತು. ಕೊನೆಗೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ಅಷ್ಟು ಹೊತ್ತಿಗೆ ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಬೋರಣ್ಣ ಎಂಬ ರೈತ ಕೆಸರು ತುಳಿದುಕೊಂಡು ಬಂದ. ಯಜಮಾನರು ಬಾನೆಟ್ ಎತ್ತಿ, ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದರು.

"ಅಯ್ಯಯ್ಯೋ, ಮುಟ್ಬ್ಯಾಡಿ ಸಾ! ಆರ್ಲಿ ಬುಡಿ!" ಎಂದು ಬೋರಣ್ಣ ಎರಡೂ ಕೈ ಎತ್ತಿದ.

"ದಿನಾ ಬೆಳಗಾದ್ರೆ ಪಂಪ್ ಬಿಚ್ಚೋನು ಕಣಯ್ಯಾ ನಾನು. ನೀರು ಹಾಕ್ದೆ ಹೋದ್ರೆ ಇಂಜಿನ್ ಕಚ್ಕೊಳ್ಳುತ್ತೆ."

"ಇಂಜಿನ್ ಕಚ್ಕಂಡ್ರೆ ಇನ್ನೊಂದ್ ತರಬೋದು ಸಾ, ಕಣ್ಣು ಎಲ್ಲಿಂದ ತತ್ತೀರಿ?"

ಆಗ ನಾನು "ರೀ, ಈ ಕಡೆ!" ಎಂದು ಕೂಗಿದೆ. ಇವರು ನನ್ನ ಕಡೆ ತಿರುಗಿದರು. ಮುಚ್ಚಳ ಹಾರಿತು.

ಆ ಸದ್ದನ್ನು ನಾನು ವರ್ಣಿಸಲಾರೆ. ಮೊದಲು ಒಂದು ಉಸಿರು, ಆಮೇಲೆ ಆಳೆತ್ತರದ ಹಳದಿ ಕಾರಂಜಿ. ಇವರು ಕೆಸರಿನಲ್ಲಿ ಕೂತು ಬಲಗೈ ಹಿಡಿದುಕೊಂಡು "ಗಿರಿಜಾ, ಗಿರಿಜಾ" ಎನ್ನುತ್ತಿದ್ದರು. ಮುಖ, ಅಂಗಿ, ಕೂದಲು ಎಲ್ಲವೂ ಹಳದಿ. ಕಣ್ಣು ಮುಚ್ಚಿದ್ದವು. ತೆಗೆಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತೆಗೆದರೆ ಏನು ಕಾಣಬೇಕಾದೀತೋ ಎಂದು. ಮೇಲೆ ನಿಂತಿದ್ದ ಪ್ರವಾಸಿಗರಲ್ಲಿ ಒಬ್ಬಾಕೆ, "ಏನೋ ಮದುವೆ ಶೂಟಿಂಗ್ ಇರ್ಬೇಕು, ಅರಿಶಿನದ ಶಾಸ್ತ್ರ" ಎಂದದ್ದು ನನ್ನ ಕಿವಿಗೆ ಬಿತ್ತು.

ಬೋರಣ್ಣ ಇವರನ್ನು ಎತ್ತಿ ಹಿನ್ನೀರಿನ ಅಂಚಿಗೆ ಒಯ್ದು ಕೈಯನ್ನು ನೀರಿನಲ್ಲಿ ಮುಳುಗಿಸಿದ. ನಾನು ನಮ್ಮ ನೀರಿನ ಕ್ಯಾನಿನಿಂದ ಕತ್ತಿಗೆ, ಕಿವಿಗೆ ಬಿಡದೆ ನೀರು ಸುರಿದೆ. ಯಾರೋ ಟೂತ್‌ಪೇಸ್ಟು ತಂದರು, ಬೈದು ಕಳಿಸಿದೆ. ನನ್ನ ವಿದ್ಯೆ ಅಂದು ಮಾಡಿದ ಒಂದೇ ಒಂದು ಕೆಲಸ ಅದು. ಇಪ್ಪತ್ತು ನಿಮಿಷದ ಮೇಲೆ ಇವರು ಒಂದು ಕಣ್ಣು ತೆರೆದು, "ಜೀಪಿಗೆ ಏನಾಯ್ತು?" ಎಂದರು. ನನಗೆ ಅಳು ಬಂತು. ಒಂದು ಏಟು ಕೊಡಬೇಕು ಎಂದೂ ಅನ್ನಿಸಿತು, ಆದರೆ ಹೊಡೆಯಲು ಸುಟ್ಟಿರದ ಜಾಗ ಸುಲಭವಾಗಿ ಸಿಗಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣುಗಳಿಗೆ ಏನೂ ಆಗಿಲ್ಲ, ಮುಖ ಎದುರಿಗಿದ್ದಿದ್ದರೆ ಕಷ್ಟವಿತ್ತು ಎಂದರು. ಬಲಗೈ, ಕತ್ತು, ಕಿವಿಯ ಮೇಲೆ ಬೊಬ್ಬೆ ಬಂದಿದ್ದವು. ಹಳದಿ ಹೋಗಲು ಹದಿನೈದು ದಿನ ಹಿಡಿಯಿತು.

ಬೋರಣ್ಣ ತನ್ನ ಟ್ರ್ಯಾಕ್ಟರಿನಲ್ಲಿ ಜೀಪನ್ನು ಎಳೆದು ಹಾಸನದ ರಫೀಕ್ ಸಾಬರ ಗ್ಯಾರೇಜಿಗೆ ಮುಟ್ಟಿಸಿದ. ರಫೀಕ್ ಸಾಬರು ರೇಡಿಯೇಟರನ್ನು ಇಳಿಸಿ, ಮೇಲಿನ ಟ್ಯಾಂಕನ್ನು ಬಿಚ್ಚಿ, ಒಳಗೆ ಸ್ಕ್ರೂಡ್ರೈವರ್ ಹಾಕಿ ಕೆರೆದರು. ಅಂಗೈ ತುಂಬ ಹಳದಿ ಗೊಜ್ಜು ಬಂತು. ಅದನ್ನು ಮೂಸಿ, "ಅರೆ ಅಣ್ಣಾ, ಒಗ್ಗರಣೆ ಒಂದು ಬಾಕಿ ಐತೆ ನೋಡಿ" ಎಂದರು. ಆಮೇಲೆ ಒಂದೊಂದೇ ಸತ್ಯ ಹೊರಗೆ ಬಂತು. ನೀರಿನ ಪಂಪಿನ ರೆಕ್ಕೆಗಳು ತುಕ್ಕು ತಿಂದು ಹೋಗಿದ್ದವು. ನಲವತ್ತು ಹಳ್ಳಿಗೆ ಪಂಪು ಮಾರುವವರ ಜೀಪಿನ ಪಂಪು! ಈ ಸಂಗತಿಯನ್ನು ಹೊಳೆನರಸೀಪುರದಲ್ಲಿ ಹೇಳಕೂಡದೆಂದು ಯಜಮಾನರು ನನ್ನಿಂದ ಆಣೆ ಮಾಡಿಸಿಕೊಂಡರು. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟನ್ನು ಹಿಂದಿನ ಯಾವನೋ ಮೆಕ್ಯಾನಿಕ್ಕು ಕಿತ್ತೇ ಹಾಕಿದ್ದ. "ಅದೆಲ್ಲ ಚಳಿ ದೇಶಕ್ಕೆ ಅಂತಾರೆ ಮೇಡಂ ಈ ಮೆಕ್ಯಾನಿಕ್‌ಗಳು. ಇಂಜಿನ್‌ಗೆ ಪಾಸ್‌ಪೋರ್ಟ್ ಇರ್ತದಾ?" ಎಂದು ರಫೀಕ್ ಸಾಬರು ಹಣೆ ಚಚ್ಚಿಕೊಂಡರು.

ಹೊಸ ರೇಡಿಯೇಟರು, ಪಂಪು, ಥರ್ಮೋಸ್ಟಾಟು, ರಬ್ಬರ್ ಪೈಪುಗಳು, ಫ್ಯಾನ್ ಬೆಲ್ಟು, ಮುಚ್ಚಳ, ಜೀವ ಇರುವ ಮುಳ್ಳು, ಎಲ್ಲವೂ ಬಂದವು. ಹಾಕುವ ಮೊದಲು ಇಂಜಿನ್ನಿನ ಒಳಗನ್ನು ಪೈಪು ಹಿಡಿದು ತೊಳೆದರು. ಮೊದಲು ಹಳದಿ, ಆಮೇಲೆ ಕಂದು, ಸುಮಾರು ಹೊತ್ತಿನ ಮೇಲೆ ತಿಳಿನೀರು ಬಂತು. ನಲ್ಲಿ ನೀರು ಮುಟ್ಟಿಸಬೇಡಿ ಎಂದು ಇಂಜಿನ್ ತಣಿಸುವ ಹಸಿರು ಕೂಲೆಂಟ್ ತುಂಬಿಸಿದರು. ಮುಚ್ಚಳ ಹಾಕದೆಯೇ ತಣ್ಣನೆಯ ಇಂಜಿನ್ನನ್ನು ಶುರುಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುವವರೆಗೆ ಕಾದರು. ನಾನು ಅದನ್ನು ಗ್ಯಾರೇಜಿನ ಎದುರಿನ ಹಾಲಿನ ಬೂತಿನಿಂದ ನೋಡಿದೆ. ನಡುವೆ ಒಂದು ರಸ್ತೆ, ಎರಡು ಆಟೋ ಇದ್ದದ್ದು ನನಗೆ ಸಮಾಧಾನ ಕೊಟ್ಟಿತು.

ಗಾಡಿ ತರಲು ಹೋದ ದಿನ ಯಜಮಾನರು ಬ್ಯಾಂಡೇಜಿನ ಕೈ ಎತ್ತಿ ಗ್ಯಾರೇಜಿನಲ್ಲಿದ್ದವರಿಗೆಲ್ಲ ಕಥೆ ಹೇಳುತ್ತಿದ್ದರು. ಇದು ಅವರ ಐವತ್ತನೆಯ ಪ್ರದರ್ಶನವಿರಬೇಕು. ಹೇಳಿದಂತೆಲ್ಲ ಬೆಳೆದು ಕಾರಂಜಿ ಚರ್ಚಿನ ಗೋಪುರವನ್ನೂ ದಾಟಿತ್ತು. "ನಮ್ಮ ಮೇಡಂ ಫಿಸಿಕ್ಸ್ ಓದಿದ್ದಕ್ಕೆ ಇವತ್ತು ನನ್ನ ಕಣ್ಣು ಉಳಿದಿರೋದು. ಒಳಗೆ ಪ್ರೆಷರ್ ಎಷ್ಟಿದೆ ಅಂತ ಅಂದಾಜು ಮಾಡಿ, ಕರೆಕ್ಟ್ ಟೈಮಿಗೆ 'ರೀ, ಈ ಕಡೆ' ಅಂತ ಕೂಗಿದ್ಲು. ಅರ್ಧ ಸೆಕೆಂಡ್ ತಡ ಆಗಿದ್ರೆ ಮುಗೀತಿತ್ತು!"

ನಾನು ಅಂದು ಯಾವ ಅಂದಾಜನ್ನೂ ಮಾಡಿರಲಿಲ್ಲ. ಕೆಸರಿನಲ್ಲಿ ಹೂತ ಜೀಪಿನ ಮುಂದೆ ನಿಂತ ಗಂಡನ ಫೋಟೋ ತೆಗೆದು, ಅರಕಲಗೂಡಿನಲ್ಲಿರುವ ನನ್ನ ತಂಗಿಗೆ ಕಳಿಸಿ ಇಬ್ಬರೂ ನಗೋಣವೆಂದು ಮೊಬೈಲ್ ಹಿಡಿದಿದ್ದೆ. ಮುಖ ಸರಿಯಾಗಿ ಬೀಳುತ್ತಿರಲಿಲ್ಲ, ಅದಕ್ಕೆ ಕೂಗಿದ್ದೆ. ಫೋಟೋ ಚೆನ್ನಾಗಿ ಬಂದಿದೆ. ಇವರು ಹಲ್ಲು ಬಿಟ್ಟು ನಗುತ್ತಿದ್ದಾರೆ, ಕೈ ಮುಚ್ಚಳದ ಮೇಲಿದೆ, ಹಿಂದೆ ಬೋರಣ್ಣನ ಬಾಯಿ ತೆರೆದಿದೆ. ಅಳಿಸಬೇಕೆಂದು ದಿನಾ ತೆಗೆಯುತ್ತೇನೆ. ಆ ನಗುವನ್ನು, ಆ ಎರಡು ಕಣ್ಣುಗಳನ್ನು ನೋಡಿ ಹಾಗೇ ಮುಚ್ಚಿಡುತ್ತೇನೆ.

"ಮನೇಲಿ ಒಬ್ರಾದ್ರೂ ನಿಮ್ಮಂಗೆ ಓದಿದವರು ಇರ್ಬೇಕು ಮೇಡಂ" ಎಂದು ರಫೀಕ್ ಸಾಬರು ಕೈ ಮುಗಿದರು. ನಾನು ತಲೆ ತಗ್ಗಿಸಿದೆ. ಅದು ವಿನಯ ಎಂದು ಅವರು ತಿಳಿದುಕೊಂಡರು. ಸಣ್ಣ ತಪ್ಪಿಗೂ ಕೆಂಪು ಶಾಯಿ ಹಚ್ಚುವ ನಾನು ಅದೊಂದನ್ನು ತಿದ್ದಲು ಹೋಗಲಿಲ್ಲ.