ಬಿ-ಮೂರರ ಚಹಾ

ಮನುಷ್ಯನಿಗೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ; ನನ್ನದು ಕಂಡದ್ದಕ್ಕೆಲ್ಲ ನಂಬರ್ ಹಾಕುವ ಚಟ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ಅನ್ನ ಹಾಕಿದ್ದೇ ಅದು. ಐವತ್ತರ ದಶಕದಲ್ಲಿ ನಾನು ಕುರ್ಲಾದ ಒಂದು ಗೋಡೌನಿನಲ್ಲಿ ಗುಮಾಸ್ತ. ಅಲ್ಲಿ ಬಿ-೩ ಎಂದರೆ ಮೋಟಾರು ವಿಭಾಗದಲ್ಲಿ ಬ್ರೇಕಿನ ಬೋಲ್ಟು, ರಸ್ತೆ ಸಾಮಾನಿನಲ್ಲಿ ಡಾಂಬರಿನ ಪೀಪಾಯಿ, ಗಿರಣಿ ಸಾಮಾನಿನಲ್ಲಿ ಚರ್ಮದ ಪಟ್ಟಿ. ಮೂರನ್ನೂ ಬಾಯಿಪಾಠ ಮಾಡಿದವನು ನಾನೊಬ್ಬನೇ ಎಂಬ ಕೊಬ್ಬು ಬೇಕಾದಷ್ಟಿತ್ತು. ನಂಬರ್ ಇರುವುದು ಸಾಮಾನಿಗಲ್ಲ, ಅದನ್ನಿಡುವ ಜಾಗಕ್ಕೆ. ಗುಮಾಸ್ತನಾದವನು ತನ್ನ ಕಣ್ಣಿಗಿಂತ ನಂಬರನ್ನೇ ನಂಬಬೇಕು. ಇದು ನಮ್ಮ ಗೋಡೌನಿನ ಶಾಸ್ತ್ರ.

ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಒಂದು ರಜೆಯ ದಿನ ವಡಾಲದ ನಮ್ಮ ಚಾಳಿನ ಖೋಲಿಯಲ್ಲಿ, ಅಡುಗೆ ಡಬ್ಬಿ ಇಡುವ ಹಲಗೆಗಳಿಗೂ ಬಿಳಿ ಬಣ್ಣದಲ್ಲಿ ನಂಬರ್ ಬರೆದುಬಿಟ್ಟೆ. ಬಿ-೩ ಚಹಾಪುಡಿ, ಬಿ-೪ ಸೀಗೆಪುಡಿ. ಹೆಂಡತಿ ಶಾರದೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇನು ಅಡಗಿಮನಿನೋ, ನಿಮ್ಮ ಗೋಡೌನೋ? ನನಗ ಈ ನಂಬರ್ ಗಿಂಬರ್ ತಿಳಿಯಂಗಿಲ್ರೀ."

"ರೂಢಿ ಆಗತೈತಿ, ಸುಮ್ನಿರು," ಎಂದೆ.

ಆಗಲೇ ಗೋಡೌನಿನಲ್ಲಿ ಹೆಡ್ ಗುಮಾಸ್ತರ ಜಾಗ ಖಾಲಿಯಾಯಿತು. ಅದಕ್ಕೆ ಇದ್ದವರು ಇಬ್ಬರೇ: ನಾನು, ಮತ್ತು ಒಂದು ನಂಬರೂ ನೆನಪಿರದೆ ಪ್ರತಿ ಪೆಟ್ಟಿಗೆ ಬಿಚ್ಚಿ ಇಣುಕುವ ಗೋಪಾಳರಾಯ. ನನಗೇ ಸಿಗುತ್ತದೆಂದು ಗುಟ್ಟಾಗಿ ಹೊಸ ಕೋಟು ಹೊಲಿಸಿಟ್ಟಿದ್ದೆ. ಉಡುಪಿ ಕಡೆಯ ನಮ್ಮ ಮ್ಯಾನೇಜರು ಭಟ್ಟರು ಒಂದು ಭಾನುವಾರ ಸಂಜೆ ಮನೆಗೇ ಬಂದರು. ಶಾರದೆ ನಲ್ಲಿಯ ಸಾಲಿನಲ್ಲಿದ್ದಳು. ಚಹಾಕ್ಕೆ ನಾನೇ ಎದ್ದು ಬಿ-೩ಕ್ಕೆ ಕೈ ಹಾಕಿದೆ. ಪುಡಿ ಯಾಕೋ ಮಾಸಲಾಗಿ ಕಂಡಿತು. ನೆಗಡಿಯಿಂದ ಮೂಗು ಕಟ್ಟಿತ್ತು. ಕಣ್ಣು ಬೇಡ ಎಂದಿತು, ನಂಬರ್ ಹಾಕು ಎಂದಿತು. ಹಾಕಿದೆ. ನೊರೆ ಉಕ್ಕಿ ಬಂತು. ಹಾಲು ಬಲು ಗಟ್ಟಿ ಎಂದು ಹಿಗ್ಗಿದೆ.

ಭಟ್ಟರು ಒಂದು ಗುಟುಕು ಕುಡಿದರು. ಮೀಸೆಯ ತುಂಬ ನೊರೆ. "ಎಂತ ಚಾ ಮಾರಾಯ್ರೆ ಇದು? ಕುಡಿಯುವುದಾ, ತಲೆಗೆ ಹಾಕುವುದಾ?"

ಕೊಡ ಹೊತ್ತು ಒಳಬಂದ ಶಾರದೆಗೆ ವಾಸನೆಯೇ ಸಾಕಾಯಿತು. "ಅಯ್ಯ ಶಿವನ! ಸೀಗಿಪುಡಿ ಕುದಿಸಿ ಕೊಟ್ಟೀರೇನ್ರೀ? ನಿನ್ನೆ ಡಬ್ಬಿ ತೊಳದು ಕೈಗೆ ಬಂದಂಗ ಇಟ್ಟೀನಿ!"

"ಹಾಗಾದ್ರೆ ಯಾವುದರಲ್ಲಿ ಎಂತ ಉಂಟು ಅಂತ ನಿಮಗೆ ಹೇಗೆ ಗೊತ್ತಾಗ್ತದೆ ಅಮ್ಮ?" ಭಟ್ಟರು ಕೇಳಿದರು.

"ಮುಚ್ಚಳ ತಗದು ನೋಡತೀನ್ರಿ."

ಭಟ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮರುದಿನ ಗೋಪಾಳರಾಯನೇ ಹೆಡ್ ಗುಮಾಸ್ತನಾದ. ಅವನ ಮೊದಲ ಹುಕುಂ: "ಮುಚ್ಚಳ ತೆಗೆದು ನೋಡಿಯೇ ಸಾಮಾನು ಕೊಡತಕ್ಕದ್ದು." ಅಕ್ಷರ ಚೆನ್ನಾಗಿದೆಯೆಂದು ಬೋರ್ಡು ಬರೆಯುವ ಕೆಲಸ ನನ್ನ ತಲೆಗೇ ಬಂತು. ಹೊಟ್ಟೆ ಉರಿದರೂ ಗುಂಡಗೆ ಬರೆದೆ. ಗೋಡೆಗೆ ತೂಗುಹಾಕಿ ಹಿಂದೆ ಸರಿದು ನೋಡಿದಾಗಲೇ ಗೊತ್ತಾದದ್ದು: ಕೆಳಗಿನ ಮೂಲೆಯಲ್ಲಿ ಅದಕ್ಕೂ ಒಂದು ನಂಬರ್ ಹಾಕಿಬಿಟ್ಟಿದ್ದೆ.