ಹೊಂದಿಕೊಂಡುಬಿಟ್ಟ ಗುಂಡಿ

ಒಂದಕ್ಕೊಂದು ಹೊಂದಿಕೊಂಡಿರುವ ಯಾವುದನ್ನು ಕಂಡರೂ ನನಗೆ ಈಗ ಭಯವಾಗುತ್ತದೆ. ಮದುವೆಮನೆಗೆ ಸೀರೆ, ಬಳೆ, ಚಪ್ಪಲಿ ಎಲ್ಲ ಒಂದೇ ಬಣ್ಣದಲ್ಲಿ ತೊಟ್ಟು ಬರುವವರನ್ನು ಜನ ಮೆಚ್ಚಿ ನೋಡುತ್ತಾರೆ. ನಾನು ಮಾತ್ರ ಇವರಲ್ಲಿ ಕೆಂಪು ಎಲ್ಲಿದೆ ಎಂದು ಹುಡುಕಿ, ಹಣೆಯ ಕುಂಕುಮ ಕಂಡ ಮೇಲೆ ಉಸಿರು ಬಿಡುತ್ತೇನೆ. ನನ್ನ ಹೆಂಡತಿಗೆ ಇದು ಹಿಡಿಸುವುದಿಲ್ಲ. "ಕಂಡೋರ ಹಣೆ ಯಾಕ್ರೀ ಅಷ್ಟು ನೋಡ್ತೀರ?" ಎನ್ನುತ್ತಾಳೆ. ಕಾರಣ ಹೇಳಿದರೆ ನಂಬುವುದಿಲ್ಲ. ನೀವಾದರೂ ನಂಬಿ.

ಬಿಡದಿಯಲ್ಲಿ ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಹುಟ್ಟಿಕೊಂಡ ಸಣ್ಣ ಶೆಡ್ಡುಗಳಲ್ಲಿ ನಮ್ಮದೂ ಒಂದು. ತಗಡು ಬಾಗಿಸುವ ಕೆಲಸ. ನಾನು ಬಿ.ಕಾಂ. ಓದಿದವನು. ಕಂಪ್ಯೂಟರ್ ಮುಂದೆ ಕೂರುವವನು ನಾನೊಬ್ಬನೇ ಆದ್ದರಿಂದ ಜಗತ್ತಿನ ವಿದ್ಯೆಯೆಲ್ಲ ನನಗೆ ಬರುತ್ತದೆಂದು ಮಾಲೀಕರು ನಂಬಿದ್ದರು, ನಾನೂ ನಂಬಿದ್ದೆ. ಒಂದು ದಿನ ಅವರು, "ನೋಡಪ್ಪ, ದೊಡ್ಡ ಕಂಪನಿಯೋರು ಶೆಡ್ ನೋಡಕ್ ಬತ್ತಾರೆ. ಒಳಗೆಲ್ಲ ಒಸಿ ಲಕ್ಷಣವಾಗಿ ಕಾಣ್ಬೇಕು" ಎಂದರು. ಒಂದು ಬಣ್ಣ ಆರಿಸಿದರೆ ಅದಕ್ಕೆ ಒಪ್ಪುವ ಬಣ್ಣಗಳನ್ನು ಚಕ್ರದ ಮೇಲೆ ತೋರಿಸುವ ಸಾಫ್ಟ್‌ವೇರ್ ಸಿ.ಡಿ. ಒಂದು ನನ್ನ ಬಳಿ ಇತ್ತು. ಮಾಲೀಕರಿಗೆ ಇಷ್ಟವಾದ ಎಲೆಹಸಿರನ್ನು ಆರಿಸಿದೆ. ಹತ್ತಿರದ ಬಣ್ಣಗಳು ಬೇಕೋ, ಎದುರು ಬಣ್ಣ ಬೇಕೋ ಎಂದು ಅದು ಕೇಳಿತು. ಎದುರು ಎಂಬುದೇ ನನಗೆ ಆಗದು, ಮನೆಯಲ್ಲೂ ಎದುರಾಡಿದವನಲ್ಲ. ಹತ್ತಿರದ್ದನ್ನೇ ಒತ್ತಿದೆ. ಐದು ಹಸಿರುಗಳು ಅಣ್ಣತಮ್ಮಂದಿರಂತೆ ಸಾಲಾಗಿ ನಿಂತವು.

ಬಣ್ಣ ಹೊಡೆಯಲು ಬಂದವರು ಚನ್ನಪಟ್ಟಣದ ಶಿವಣ್ಣ. ಹಿಂದೆ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುತ್ತಿದ್ದವರು. ಗೋಡೆ, ಯಂತ್ರ, ಸ್ವಿಚ್ಚಿನ ಪೆಟ್ಟಿಗೆ, ಅದರಲ್ಲಿನ ಚಾಲೂ ಗುಂಡಿ ಎಲ್ಲ ಮುಗಿಸಿ, ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮುಂದೆ ಬ್ರಶ್ ಹಿಡಿದು ನಿಂತರು.

"ಸಾ, ಇದೊಂದ ಕೆಂಪಾಗೇ ಬುಟ್ಬುಡಾನಾ? ಬೊಂಬೆ ಮೂಗು ಎಲ್ಲೈತೆ ಅಂತ ಮಗ ತಡಕಾಡಂಗಿರ್ಬಾರ್ದು."

"ಶಿವಣ್ಣ, ಕಂಪ್ಯೂಟರ್ ಕೊಟ್ಟ ಪಟ್ಟೀಲಿ ಕೆಂಪಿಲ್ಲ" ಎಂದೆ. ಹೇಳಿದ ಆ ಗತ್ತು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

"ನೀವು ಓದಿರೋರು ಬುಡಿ" ಎಂದು ಅವರು ಬಳಿದೇಬಿಟ್ಟರು.

ನೋಡಲು ಬಂದವರು ಗೋಡೆಗಳನ್ನು ಮೆಚ್ಚಿ, ಕಾಫಿ ಕುಡಿದು ಹೋದರು. ಮರುದಿನ ಬೆಳಿಗ್ಗೆ ನಾನು ನನ್ನ ಹಸಿರುಗಳನ್ನು ನೋಡಿ ಹಿಗ್ಗುತ್ತ ಸ್ವಿಚ್ಚಿನ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದೆ. ಯಂತ್ರದ ಮುಂದೆ ಕರಿಯಪ್ಪ. ಕುದೂರಿನಿಂದ ದಿನಾ ಬಸ್ಸಿನಲ್ಲಿ ಬರುವ ರೈತರು. ಹೊಲದಲ್ಲಿ ಹೇಗೋ ಶೆಡ್ಡಿನಲ್ಲೂ ಹಾಗೇ ಕೊರಳಿಗೆ ಟವಲು. ತೆಗೆದಿಡಿ ಎಂದರೆ, "ಟವಲ್ ಇಲ್ದಿದ್ರೆ ಬತ್ಲೆ ನಿಂತಂಗಾಯ್ತದೆ ಸಾ" ಎನ್ನುತ್ತಿದ್ದರು. ಅವರು ತಗಡು ನೂಕಲು ಬಗ್ಗಿದರು. ಟವಲಿನ ತುದಿ ತಿರುಗುವ ಎರಡು ಉರುಳೆಗಳ ನಡುವೆ ಸಿಕ್ಕಿತು.

ಕೂಗಲಿಲ್ಲ. ಕೂಗಲು ಕೊರಳಿಗೆ ಬಿಡುವಿರಲಿಲ್ಲ. ಎರಡೂ ಕೈಯನ್ನು ಯಂತ್ರಕ್ಕೆ ಒತ್ತಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಯಂತ್ರ ಮುಂದಕ್ಕೆ ಎಳೆಯುತ್ತಿತ್ತು. ನಾನು ಪೆಟ್ಟಿಗೆಯ ಕಡೆ ತಿರುಗಿದೆ. ಹಸಿರು. ಮೇಲೆ ಹಸಿರು, ಕೆಳಗೆ ಹಸಿರು. ನಿಲ್ಲಿಸುವುದು ಮೇಲಿನದೋ ಕೆಳಗಿನದೋ? ಒಂದನ್ನು ಒತ್ತಿದೆ; ಅದು ಚಾಲೂ ಗುಂಡಿ. ಮತ್ತೊಂದು ಒತ್ತಿದೆ, ಅದು ಗುಂಡಿಯೇ ಅಲ್ಲ, ಬಣ್ಣ ಬಳಿದ ಬೋಲ್ಟು. ಕೊನೆಗೆ ರೊಟ್ಟಿ ತಟ್ಟುವವರಂತೆ ಎರಡೂ ಅಂಗೈಗಳಿಂದ ಇಡೀ ಪೆಟ್ಟಿಗೆಯನ್ನು ಬಡಿದೆ. ಯಂತ್ರ ನಿಂತಿತು. ಕರಿಯಪ್ಪನವರ ಗಲ್ಲಕ್ಕೂ ಉರುಳೆಗೂ ನಡುವೆ ನಾಲ್ಕು ಬೆರಳಿನ ಜಾಗವಿತ್ತು.

ಟವಲು ಕತ್ತರಿಸಿ ಬಿಡಿಸಿದೆವು. ನೆಲದ ಮೇಲೆ ಕೂತು, ಕೆಮ್ಮಿ, ನೀರು ಕುಡಿದು ಅವರು ಆಡಿದ ಮೊದಲ ಮಾತು, "ಹೊಸಾ ಟವಲು ಕಣ್ ಸಾ." ನಾನು ಶಿವಣ್ಣನವರಿಗೆ ಹೇಳಿ ಕಳಿಸಿದೆ.

ಸಂಜೆಗೇ ಶಿವಣ್ಣ ಬಂದು ಗುಂಡಿಗೆ ಕೆಂಪು ಬಳಿದರು. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಎಲೆಹಸಿರನ್ನು ಮತ್ತೆ ಆರಿಸಿ, ಈ ಸಲ ಎದುರು ಬಣ್ಣ ಎಂಬುದನ್ನು ಒತ್ತಿದೆ. ಪರದೆಯ ತುಂಬ ಕೆಂಪು ಬಂತು. ಅದಕ್ಕೆ ಗೊತ್ತಿತ್ತು. ಕೇಳಬೇಕಾದವನು ಕೇಳಿರಲಿಲ್ಲ.

ವಾರದ ಮೇಲೆ ಕರಿಯಪ್ಪ ಕೆಲಸಕ್ಕೆ ಬಂದರು. ಕೊರಳಿನ ಸುತ್ತ ಗೀರು, ಟವಲಿಲ್ಲ, ಮೈಮೇಲೆ ಕಣ್ಣು ಕುಕ್ಕುವ ಕೆಂಪು ಅಂಗಿ. ಅವರಿಗೆ ಅದು ಒಪ್ಪುತ್ತಿರಲಿಲ್ಲ; ಆದರೂ ಚೆನ್ನಾಗಿದೆ ಎಂದೆ.

"ಚೆಂದಕ್ಕಲ್ಲ ಸಾ" ಎಂದರು, "ನೀವು ಇಲ್ಲೇ ನಿಂತಿರ್ತೀರಲ್ಲ, ನಾನೂ ಒಸಿ ಕಾಣ್ಲಿ ಅಂತ."