ಉಕ್ರೇನಿನ ಈಜುಗಾರ್ತಿಯೂ ನಮ್ಮ ಜಂಟಿ ಅಕೌಂಟೂ

ಮೆಚ್ಚುಗೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲು ಬಾರದವರ ಕೈಗೆ ಇಂಟರ್‌ನೆಟ್ ಕೊಡಬಾರದು. ಅನುಭವಸ್ಥನಾಗಿಯೇ ಹೇಳುತ್ತಿದ್ದೇನೆ. ಸಾರು ಚೆನ್ನಾಗಿದ್ದರೆ ಪಕ್ಕದ ಫ್ಲ್ಯಾಟಿಗೆ ಕೇಳುವ ಹಾಗೆ ಹೊಗಳಿಯೇ ನನಗೆ ಅಭ್ಯಾಸ. ಇಂಥವನ ಹೊಸ ಸ್ಮಾರ್ಟ್‌ಫೋನಿನಲ್ಲಿ ಒಂದು ದಿನ, ಕುವೈತಿನ ಅರ್ದಿಯಾದಲ್ಲಿ ನಾನು ಕೆಲಸ ಮಾಡುವ ಗೋಡೌನಿನಲ್ಲಿ ಊಟ ಮುಗಿಸಿ ಕೂತಿದ್ದಾಗ, ಉಕ್ರೇನಿನ ಆ ಮಹಾತಾಯಿ ಪ್ರತ್ಯಕ್ಷಳಾದಳು.

ಹಾಡಿಗೆ ತಕ್ಕಂತೆ ಎಲ್ಲರೂ ಒಟ್ಟಿಗೆ ನೀರಿನಲ್ಲಿ ಕುಣಿಯುವ ಆಟ ಇದೆಯಲ್ಲ, ಅದರಲ್ಲಿ ಅವಳು ಒಂದು ಕಾಲಕ್ಕೆ ದೇಶದ ಪರವಾಗಿ ಈಜಿದವಳಂತೆ. ನಿವೃತ್ತಳಾದ ಮೇಲೆ ಒಬ್ಬಳೇ ವಿಡಿಯೋ ಹಾಕುತ್ತಿದ್ದಳು. ಮೂಗಿಗೆ ಕ್ಲಿಪ್ಪು, ತಲೆ ನೀರಿನೊಳಗೆ, ಎರಡೂ ಕಾಲು ಆಕಾಶಕ್ಕೆ. ಮೇಲೆ ಬಂದಾಗ ಮುಖದಲ್ಲಿ ಮದುವೆಮನೆಯ ನಗು. ಲಕ್ಷಾಂತರ ಜನಕ್ಕೆ ಅವಳ ಹುಚ್ಚು ಹಿಡಿದಿತ್ತು. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿಯೂ ಮೊಣಕಾಲಿನ ಮೇಲೆ ನೀರು ಬಂದರೆ ದೇವರನ್ನು ಕೂಗುವ ನಾನು ಸುಮ್ಮನಿರುವುದುಂಟೇ? ದಿನಾ ಅವಳ ವಿಡಿಯೋದ ಕೆಳಗೆ ಬರೆದೆ: 'ಸೂಪರ್ ಮೇಡಂ. ಊರು ಕಾಪು, ಈಗ ಕುವೈತ್.'

ಮರೆತದ್ದು ಒಂದೇ ಸಂಗತಿ. ನಮ್ಮ ಕಡೆಯ ಅನೇಕ ದಂಪತಿಗಳಂತೆ ಇಂಟರ್‌ನೆಟ್ಟಿನಲ್ಲಿ ನಮ್ಮದೂ ಜಂಟಿ ಅಕೌಂಟು. ಮಗಳು ಮಾಡಿಕೊಟ್ಟದ್ದು, ಹೆಸರು 'ಸುಮತಿ ಸದಾನಂದ', ಫೋಟೋದಲ್ಲಿ ಗಂಡಹೆಂಡತಿ ಇಬ್ಬರೂ. ನನ್ನ ಹೊಗಳಿಕೆಯೆಲ್ಲ ಹೆಂಡತಿ ಸುಮತಿಯ ಹೆಸರಿನಲ್ಲಿ ಹೊರಟು, ಅವಳು ನರ್ಸ್ ಆಗಿರುವ ಜಾಬ್ರಿಯಾದ ಕ್ಲಿನಿಕ್ಕಿನವರ ಫೋನುಗಳಲ್ಲಿ ಕಾಣಿಸಿಕೊಂಡಿತು. ಅದು ಗೊತ್ತಾದದ್ದು ಗುರುವಾರ. ಮರುದಿನ ಶುಕ್ರವಾರದ ರಜೆ, ಭಾವನ ಮನೆಯಲ್ಲಿ ಊಟ, ಊರಿನವರೆಲ್ಲ ಸೇರುತ್ತಾರೆ. ಸುಮತಿ ಡ್ಯೂಟಿ ಮುಗಿಸಿ ಬಂದವಳು ಹೆಗಲಿನ ಬ್ಯಾಗನ್ನೂ ಇಳಿಸದೆ ಫೋನನ್ನು ನನ್ನ ಮುಂದೆ ಹಿಡಿದಳು.

"ಎಂತ ಮಾರಾಯ್ರೆ ಇದು? ನಾಳೆ ಅಣ್ಣನ ಮನೆಯಲ್ಲಿ ನಾನು ಹೇಗೆ ಮುಖ ತೋರಿಸುವುದು?"

ಬೆನ್ನುನೋವಿಗೆ ವ್ಯಾಯಾಮ ಕಲಿಯುತ್ತಿದ್ದೇನೆ ಎಂದೆ. ಹಾಗಾದರೆ ಮಾಡಿ ತೋರಿಸಿ ಎಂದಳು. ಸೋಫಾದ ಮೇಲೆ ಅಂಗಾತ ಮಲಗಿ ಎರಡೂ ಕಾಲೆತ್ತಿದೆ. ಅದು ಲುಂಗಿ ಉಟ್ಟವರು ಮಾಡುವ ಕಸರತ್ತಲ್ಲ ಎಂದು ತಡವಾಗಿ ತಿಳಿಯಿತು. ಸುಮತಿ ನಗಲಿಲ್ಲ. ಈ ಅಕೌಂಟೇ ಬೇಡ, ಖಲಾಸ್ ಎಂದು ಅಳಿಸಲು ಹೊರಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಸಿಟ್ಟು ಬಂದರೆ ಅವಳು ಬೈಯುವುದಿಲ್ಲ, ಮಾತು ನಿಲ್ಲಿಸುತ್ತಾಳೆ. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಆ ಈಜುಗಾರ್ತಿಯೇ ಉತ್ತರ ಬರೆದಿದ್ದಳು. ಇಣುಕಿ ಓದಿದ ಮಗಳು ನಗು ತಡೆಯಲಾಗದೆ ನೆಲದ ಮೇಲೆ ಕೂತು, "ಪಪ್ಪಾ, ಐ ಆಮ್ ಸೋ ಸಾರಿ" ಎಂದಳು.

ದಿನಾ ಬರೆಯುವ ಸುಮತಿಗೆ ಧನ್ಯವಾದ, ನೀವು ಎಷ್ಟು ಚೆಂದ ಇದ್ದೀರಿ, ಫೋಟೋದಲ್ಲಿ ಪಕ್ಕಕ್ಕೆ ನಿಂತಿರುವ ನಿಮ್ಮ ತಂದೆಯವರಿಗೂ ನಮಸ್ಕಾರ ತಿಳಿಸಿ ಎಂದು ಬರೆದಿತ್ತು.

ಸುಮತಿ ಅದನ್ನು ಮತ್ತೆ ಮತ್ತೆ ಓದಿದಳು. ಮುಖ ಅರಳಿತು. "ಪಾಪ, ಒಳ್ಳೆ ಹುಡುಗಿ" ಎಂದಳು. ಮರುದಿನ ಭಾವನ ಮನೆಯಲ್ಲಿ ಕೋಳಿಸುಕ್ಕಕ್ಕೂ ಮೊದಲು ಆ ಉತ್ತರವನ್ನೇ ಎಲ್ಲರಿಗೂ ಬಡಿಸಿದಳು. ನಾನು ತಂದೆಯಲ್ಲ, ಗಂಡ ಎಂದು ತಿದ್ದಿ ಬರೆಯೋಣವೆಂದು ಆ ಸಂಜೆಯೇ ಕೂತೆ, ಪಾಸ್‌ವರ್ಡ್ ಬದಲಾಗಿತ್ತು. ಈಗ ಸುಮತಿಯೇ ದಿನಾ ಅವಳಿಗೆ ಬರೆಯುತ್ತಾಳೆ. ಕೊನೆಯಲ್ಲಿ, ನನ್ನನ್ನು ಕೇಳದೆಯೇ, ತಂದೆಯವರ ನಮಸ್ಕಾರವನ್ನೂ ಸೇರಿಸುತ್ತಾಳೆ.